ಕೈ ಕಡಿದವರು, ಕಡತ ಮುಚ್ಚಿದವರು

1948ರ ಆಗಸ್ಟ್ 21ರ ನಡುರಾತ್ರಿ ದಾಟಿದ ಹೊತ್ತು. ಹೈದರಾಬಾದಿನ ಕಾಚಿಗುಡ ಪ್ರದೇಶದಲ್ಲಿ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯ ಕೆಲಸ ಮುಗಿಸಿ ಇಬ್ಬರು ಮನೆಯ ಕಡೆ ನಡೆದಿದ್ದರು. ಒಬ್ಬರು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್, ವಯಸ್ಸು ಇನ್ನೂ 27. ಇನ್ನೊಬ್ಬರು ಅವರ ಭಾವಮೈದುನ ಇಸ್ಮಾಯಿಲ್ ಖಾನ್. ದಾರಿಗೆ ಅಡ್ಡ ಬಂದವರು ಸಂಪಾದಕರ ಮೇಲೆ ಗುಂಡು ಹಾರಿಸಿದರು. ಅಷ್ಟಕ್ಕೇ ಬಿಡದೆ ಕತ್ತಿಯಿಂದ ಕೈ ಕಡಿದರು. ಬಿಡಿಸಲು ಮುಂದಾದ ಇಸ್ಮಾಯಿಲ್ ಖಾನರ ಕೈಯೂ ತುಂಡಾಯಿತು. ಬೆಳಗಾಗುವ ಹೊತ್ತಿಗೆ ಶೋಯೆಬುಲ್ಲಾ ಖಾನರ ಜೀವ ಹೋಗಿತ್ತು. ಪ್ರಾಣ ತೆಗೆಯಲು ಗುಂಡು ಸಾಕಿತ್ತು. ಕತ್ತಿ ಬೇಕಾದದ್ದು ಇನ್ನೊಂದು ಕೆಲಸಕ್ಕೆ: ಇಂಥ ಕೈ ಇಂಥದ್ದನ್ನು ಬರೆದರೆ ಏನಾಗುತ್ತದೆ ಎಂದು ಊರಿಗೆಲ್ಲ ತೋರಿಸುವುದಕ್ಕೆ.

ಇದಾಗಿ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಹೈದರಾಬಾದಿನಲ್ಲಿ ಸರ್ಕಾರ ಬದಲಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಮೂವರು ಸದಸ್ಯರ ಒಂದು ಸಮಿತಿ ರಾಜ್ಯದ ಹಳ್ಳಿಹಳ್ಳಿ ತಿರುಗಿ, ಭಾರತದ ಸೇನೆ ಬಂದ ಮೇಲೆ ಅಲ್ಲಿ ಏನೇನು ನಡೆಯಿತು ಎಂಬುದನ್ನು ಬರೆದು ದೆಹಲಿಗೆ ಒಪ್ಪಿಸಿತು. ಆ ವರದಿ ಬರೆದ ಕೈಗಳನ್ನು ಯಾರೂ ಮುಟ್ಟಲಿಲ್ಲ. ವರದಿಯನ್ನು ಮಾತ್ರ ಕಪಾಟಿಗೆ ಸೇರಿಸಿ ಬೀಗ ಹಾಕಲಾಯಿತು. ಒಂದು ಕೊಲೆ, ಇನ್ನೊಂದು ಕಡತದ ವಿಲೇವಾರಿ. ಇವೆರಡೂ ಒಂದೇ ತೂಕದ ಪಾಪ ಎಂದು ಹೇಳಲು ನಾನು ಹೊರಟಿಲ್ಲ. ನನ್ನ ವಾದ ಬೇರೆ. ಬಡವರ ಮೇಲೆ ಆದ ಅನ್ಯಾಯ ಕಾಗದಕ್ಕೆ ಇಳಿಯದಂತೆ, ಇಳಿದರೂ ಜನರ ಕೈಗೆ ಸಿಗದಂತೆ ನೋಡಿಕೊಳ್ಳುವ ಗುಣ ಹೈದರಾಬಾದಿನಲ್ಲಿ ದೊರೆ ನಿಜಾಮನ ಜೊತೆ ಹೋಗಲಿಲ್ಲ. ಅದು ಹಳೆಯ ಸರ್ಕಾರದಿಂದ ಹೊಸ ಸರ್ಕಾರಕ್ಕೆ ಆಸ್ತಿಯಂತೆ ಹಸ್ತಾಂತರವಾಯಿತು. 1946ರಿಂದ 1951ರವರೆಗಿನ ಐದು ವರ್ಷಗಳನ್ನು ಒಟ್ಟಿಗೆ ಇಟ್ಟು ಓದಿದರೆ ಮಾತ್ರ ಇದು ಕಾಣುತ್ತದೆ. ನಾವು ಅದನ್ನು ಯಾವಾಗಲೂ ಎರಡು ತುಂಡು ಮಾಡಿ, ನಮಗೆ ಬೇಕಾದ ತುಂಡನ್ನಷ್ಟೇ ಓದುತ್ತ ಬಂದಿದ್ದೇವೆ.

ಆಗಿನ ಹೈದರಾಬಾದ್ ಸಂಸ್ಥಾನವೆಂದರೆ ಸುಮಾರು 82,000 ಚದರ ಮೈಲಿಯ ನಾಡು. 1941ರ ಗಣತಿಯಂತೆ ಒಂದೂವರೆ ಕೋಟಿಗೂ ಮೀರಿದ ಜನ. ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ನಮ್ಮವು: ಬೀದರ್, ಗುಲ್ಬರ್ಗ, ರಾಯಚೂರು. 1937ರ ಫೆಬ್ರುವರಿಯಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಚಿತ್ರವನ್ನು ಮುಖಪುಟಕ್ಕೆ ಹಾಕಿ, ಜಗತ್ತಿನ ಅತಿ ದೊಡ್ಡ ಶ್ರೀಮಂತ ಎಂದು ಕೊಂಡಾಡಿತು. ವಜ್ರಗಳ ಲೆಕ್ಕ, ಮುತ್ತುಗಳ ಲೆಕ್ಕ ಊರೂರಿಗೆ ಹರಡಿತು. ಆ ಸಿರಿ ಎಲ್ಲಿಂದ ಬಂತು ಎಂಬ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ. ರಾಜ್ಯದ ಭೂಮಿಯಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಜಾಗೀರುದಾರರ ಕೈಯಲ್ಲೋ ‘ಸರ್ಫ್-ಎ-ಖಾಸ್’ ಎಂಬ ಹೆಸರಿನಲ್ಲಿ ನಿಜಾಮನ ಸ್ವಂತ ಖಾತೆಯಲ್ಲೋ ಇತ್ತು. ಉಳಿದ, ಸರ್ಕಾರದ ನೇರ ಆಡಳಿತದ ದಿವಾನಿ ಪ್ರದೇಶದಲ್ಲೂ ಹಿಂದೆ ಕಂದಾಯ ವಸೂಲಿ ಮಾಡುತ್ತಿದ್ದ ದೇಶಮುಖರು, ದೇಶಪಾಂಡೆಗಳು ಸಾವಿರಾರು ಎಕರೆಯ ಒಡೆಯರಾಗಿ ಕುಳಿತಿದ್ದರು. ನಲ್ಗೊಂಡ ಜಿಲ್ಲೆಯ ವಿಸುನೂರಿನ ದೇಶಮುಖನೊಬ್ಬನಿಗೇ ನಲವತ್ತು ಹಳ್ಳಿಗಳಲ್ಲಿ ನಲವತ್ತು ಸಾವಿರ ಎಕರೆ ಇತ್ತೆಂದು ರೈತ ಹೋರಾಟದ ನಾಯಕ ಪಿ. ಸುಂದರಯ್ಯ ದಾಖಲಿಸಿದ್ದಾರೆ.

ಈ ಒಡೆತನ ನಿಂತದ್ದು ‘ವೆಟ್ಟಿ’ಯ ಮೇಲೆ. ತೆಲುಗಿನ ವೆಟ್ಟಿ, ನಮ್ಮ ಬಿಟ್ಟಿ, ಎರಡೂ ಒಂದೇ ಬೇರಿನ ಮಾತು. ಈಗ ನಾವು ಬಿಟ್ಟಿ ಎಂಬುದನ್ನು ಪುಕ್ಕಟೆ ಸಿಕ್ಕಿದ್ದಕ್ಕೆ ಹಗುರವಾಗಿ ಹೇಳುತ್ತೇವೆ. ಪುಕ್ಕಟೆ ಸಿಕ್ಕಿದ್ದು ಒಬ್ಬನಿಗೆ. ಪುಕ್ಕಟೆ ಕೊಟ್ಟವನು ಇನ್ನೊಬ್ಬನಿದ್ದ ಎಂಬುದು ಆ ಮಾತಿನೊಳಗೇ ಹೂತುಹೋಗಿದೆ. ಹಳ್ಳಿಯವರು ದೊರೆ ಎಂದು ಕರೆಯುತ್ತಿದ್ದ ಈ ಒಡೆಯನ ಕೋಟೆಮನೆಯ ಚಾಕರಿಗೆ ಮಾದಿಗರ ಪ್ರತಿ ಮನೆಯಿಂದ ಒಬ್ಬ ಆಳು ಹೋಗಬೇಕು. ಚಪ್ಪಲಿ ಹೊಲಿಯಬೇಕು, ಕಪಿಲೆ ಬಾವಿಗೆ ಬೇಕಾದ ತೊಗಲು ಹದಮಾಡಿ ಕೊಡಬೇಕು. ಕುಂಬಾರ ಮಡಕೆ ಕೊಡಬೇಕು, ನೇಕಾರ ಬಟ್ಟೆ ಕೊಡಬೇಕು, ಕುರುಬ ಕುರಿ ಕೊಡಬೇಕು, ಅಗಸ ಮನೆಮಂದಿಯ ಬಟ್ಟೆಯನ್ನೆಲ್ಲ ಒಗೆಯಬೇಕು. ಪಲ್ಲಕ್ಕಿ ಹೊರುವವರು ಹೊರಬೇಕು; ದೊರೆಯ ಬಂಡಿ ಹೊರಟರೆ ಅದರ ಮುಂದೆ ದಾರಿ ಬಿಡಿಸುತ್ತ ಒಬ್ಬ ಓಡಬೇಕು. ಮಳೆ ಬಿದ್ದ ದಿನ ಮೊದಲ ಉಳುಮೆ ದೊರೆಯ ಹೊಲಕ್ಕೆ, ಆಮೇಲೆ ತನ್ನದಕ್ಕೆ. ಕೂಲಿಯ ಮಾತೇ ಇಲ್ಲ. ಸಾಲ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು, ಜೀತವೂ ಅದರ ಹಿಂದೆಯೇ ಇಳಿಯುತ್ತಿತ್ತು.

ಇದು ಸರ್ಕಾರಕ್ಕೆ ತಿಳಿಯದ ಸಂಗತಿಯಾಗಿರಲಿಲ್ಲ. ಬಿಟ್ಟಿ ಚಾಕರಿಗೆ ಮಿತಿ ಹಾಕುವ, ತಡೆ ಹಾಕುವ ಸುತ್ತೋಲೆಗಳು ನಿಜಾಮನ ಆಡಳಿತದಲ್ಲೇ ಹೊರಟಿದ್ದವು. ಮಾಡಪಾಟಿ ಹನುಮಂತರಾಯರಂಥವರು 1920ರ ದಶಕದಲ್ಲಿ ಆಂಧ್ರ ಜನಸಂಘದ ಮೂಲಕ ಆ ಸುತ್ತೋಲೆಗಳನ್ನೇ ಜನರಿಗೆ ಓದಿ ಹೇಳುವ ಕೆಲಸ ಕೈಗೊಂಡರು. ಆದರೆ ಇನ್ನೊಂದು ಸುತ್ತೋಲೆಯೂ ಇತ್ತು. 1921ರ ‘ಗಸ್ತಿ ನಿಶಾನ್ 53’ ಎಂಬ ಆ ಆಜ್ಞೆಯ ಪ್ರಕಾರ ಮುಂಗಡ ಪರವಾನಗಿ ಇಲ್ಲದೆ ಸಾರ್ವಜನಿಕ ಸಭೆ ಸೇರುವಂತಿಲ್ಲ. ಬಿಟ್ಟಿ ಕೂಡದು ಎಂಬ ಆಜ್ಞೆ ಹಳ್ಳಿ ಮುಟ್ಟಲಿಲ್ಲ. ಸೇರಕೂಡದು ಎಂಬ ಆಜ್ಞೆ ಮುಟ್ಟಿತು. ಬಡವನಿಗೆ ಹಕ್ಕು ಕೊಡುವ ಕಾನೂನು ಜಾರಿಯಾಗಬೇಕಾದರೆ ಅದನ್ನು ಗಟ್ಟಿಯಾಗಿ ಓದುವ ನಾಲಿಗೆ ಬೇಕು, ಅಚ್ಚು ಹಾಕುವ ಪತ್ರಿಕೆ ಬೇಕು, ಕೇಳಲು ನಾಲ್ಕು ಜನ ಸೇರುವ ಜಾಗ ಬೇಕು. ಅವಿಷ್ಟನ್ನೂ ತಡೆದ ಮೇಲೆ ಸರ್ಕಾರ ಎಷ್ಟು ಒಳ್ಳೆಯ ಆಜ್ಞೆಯನ್ನಾದರೂ ಹೊರಡಿಸಬಹುದು, ಅದರಿಂದ ಯಾವ ದೊರೆಗೂ ನಷ್ಟವಿಲ್ಲ.

ಆ ತಡೆಯನ್ನು ಒಡೆದದ್ದು ಮೊದಲಿಗೆ ಹಳ್ಳಿಯ ಹೆಂಗಸರು, ಕುರುಬರು, ಅಗಸರು. ಆಂಧ್ರ ಜನಸಂಘ ಬೆಳೆದು ಆದ ಆಂಧ್ರ ಮಹಾಸಭೆಯ ಶಾಖೆಯನ್ನು ಹಳ್ಳಿಯವರು ಚಿಕ್ಕದಾಗಿ ‘ಸಂಘಂ’ ಎಂದು ಕರೆದರು. ಪಾಲಕುರ್ತಿಯಲ್ಲಿ ಚಾಕಲಿ ಐಲಮ್ಮ ಎಂಬ ಅಗಸರ ಹೆಣ್ಣುಮಗಳು ಗುತ್ತಿಗೆಗೆ ಹಿಡಿದು ಬೆಳೆದ ಪೈರನ್ನು ವಿಸುನೂರಿನ ದೇಶಮುಖ ಕಿತ್ತುಕೊಳ್ಳಲು ಆಳುಗಳನ್ನು ಕಳಿಸಿದಾಗ, ಸಂಘದವರು ತಾವೇ ಕೊಯ್ದು ಅವಳ ಮನೆಗೆ ಮುಟ್ಟಿಸಿದರು. 1946ರ ಜುಲೈ 4ರಂದು ಕಡವೆಂಡಿಯಲ್ಲಿ ದೇಶಮುಖನ ಮನೆಯ ಮುಂದೆ ಘೋಷಣೆ ಕೂಗುತ್ತ ಹೊರಟ ಮೆರವಣಿಗೆಯ ಮೇಲೆ ಅವನ ಕಡೆಯವರು ಗುಂಡು ಹಾರಿಸಿದರು. ದೊಡ್ಡಿ ಕೊಮರಯ್ಯ ಎಂಬ ತರುಣ ಬಿದ್ದ. ತೆಲಂಗಾಣ ರೈತ ಬಂಡಾಯದ ಎಣಿಕೆ ಆ ದಿನದಿಂದ ಶುರುವಾಗುತ್ತದೆ. ಅದೇ ವರ್ಷ ನಗರದಲ್ಲಿ ಉರ್ದು ಕವಿ ಮಖ್ದೂಂ ಮೊಹಿಯುದ್ದೀನ್, ರಾಜ್ ಬಹಾದುರ್ ಗೌಡ್ ಮೊದಲಾದವರು ಅಖಿಲ ಹೈದರಾಬಾದ್ ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು ಕಟ್ಟಿ, ಗಿರಣಿ ಕಾರ್ಮಿಕರನ್ನು ಒಂದು ಧ್ವಜದ ಕೆಳಗೆ ತಂದರು. ಸಿಟಿ ಕಾಲೇಜಿನ ಅಧ್ಯಾಪಕ ಕೆಲಸ ಬಿಟ್ಟು ಕಾರ್ಮಿಕರ ನಡುವೆ ಇಳಿದ ಮುಸ್ಲಿಂ ಕವಿ, ಮುಸ್ಲಿಂ ದೊರೆಯ ವಿರುದ್ಧ ನಿಂತಿದ್ದ. ವಿಸುನೂರಿನ ಹಿಂದೂ ದೇಶಮುಖ ಅದೇ ದೊರೆಯ ನೆರಳಿನಲ್ಲಿ ಬದುಕುತ್ತಿದ್ದ. ಹೈದರಾಬಾದಿನ ಕಥೆಯನ್ನು ಬರೀ ಹಿಂದೂ–ಮುಸ್ಲಿಂ ಜಗಳವೆಂದು ಹೇಳುವವರಿಗೆ ಈ ಇಬ್ಬರನ್ನು ಎಲ್ಲಿ ಕೂರಿಸಬೇಕೆಂದು ತಿಳಿಯುವುದಿಲ್ಲ.

ಶೋಯೆಬುಲ್ಲಾ ಖಾನರಿಗೂ ಆ ಕಥೆಯಲ್ಲಿ ಜಾಗವಿಲ್ಲ. ‘ಇಮ್ರೋಜ್’ಗೆ ಮುನ್ನ ಅವರು ದುಡಿದದ್ದು ಮಂದುಮುಲ ನರಸಿಂಗರಾಯರ ‘ರಯ್ಯತ್’ ಪತ್ರಿಕೆಯಲ್ಲಿ. ಹೆಸರೇ ಹೇಳುವಂತೆ ಅದು ರೈತನ ಪರ ಬರೆಯುತ್ತಿದ್ದ ಉರ್ದು ಪತ್ರಿಕೆ; ಸರ್ಕಾರ ಅದನ್ನು ಮುಚ್ಚಿಸಿತು. 1947ರ ನವೆಂಬರಿನಲ್ಲಿ ಅವರು ಸ್ವಂತವಾಗಿ ‘ಇಮ್ರೋಜ್’ ಶುರುಮಾಡಿದರು. ನಿಜಾಮನ ಪರ ನಿಂತಿದ್ದ, ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರ ಪಡೆ ಹಳ್ಳಿಗಳಲ್ಲಿ ನಡೆಸಿದ್ದನ್ನು ಬರೆದರು. ಸಂಸ್ಥಾನ ಭಾರತಕ್ಕೆ ಸೇರಬೇಕು, ಜನರ ಸರ್ಕಾರ ಬರಬೇಕು ಎಂದು ಬರೆದರು. 1948ರ ಆಗಸ್ಟಿನಲ್ಲಿ ಬಾಕರ್ ಅಲಿ ಮಿರ್ಜಾ, ತಹಸೀಲ್ದಾರ್ ಹುದ್ದೆ ಬಿಟ್ಟಿದ್ದ ಫರೀದ್ ಮಿರ್ಜಾ ಮೊದಲಾದ ಏಳು ಮಂದಿ ಮುಸ್ಲಿಂ ಗಣ್ಯರು ರಜಾಕಾರರನ್ನು ಹತ್ತಿಕ್ಕಿ, ಭಾರತದೊಡನೆ ಸೇರಿ ಎಂದು ಬಹಿರಂಗವಾಗಿ ಕೇಳಿಕೊಂಡಾಗ ಆ ಹೇಳಿಕೆಗೆ ‘ಇಮ್ರೋಜ್’ ಜಾಗ ಕೊಟ್ಟಿತು. ತಮ್ಮ ವಿರುದ್ಧ ಏಳುವ ಕೈಗಳನ್ನು ಉಳಿಸುವುದಿಲ್ಲ ಎಂಬ ಬೆದರಿಕೆ ರಜ್ವಿಯ ಸಭೆಯಿಂದ ಬಂತು. ಕೆಲವೇ ದಿನಗಳಲ್ಲಿ ಅದು ನಡೆದೂ ಹೋಯಿತು. ಒಂದು ಧರ್ಮದ ರಾಜ್ಯವೆಂದು ಹೇಳಿಕೊಂಡ ಆಡಳಿತ ತನ್ನದೇ ಧರ್ಮದ ಪತ್ರಕರ್ತನನ್ನು ಉಳಿಸಿಕೊಳ್ಳಲಿಲ್ಲ, ಏಕೆಂದರೆ ಆತ ತೆರೆದು ತೋರಿಸಿದ್ದು ಧರ್ಮದ ಗುಟ್ಟನ್ನಲ್ಲ, ಅಧಿಕಾರದ ಗುಟ್ಟನ್ನು.

ರಜಾಕಾರರ ಕ್ರೌರ್ಯದ ಬಗ್ಗೆ ಕನ್ನಡಿಗರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 1948ರ ಮೇ ತಿಂಗಳಿನಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾ ಹಳ್ಳಿಯ ಮೇಲೆ ಅವರು ಬಿದ್ದು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಬೀದರ್ ಸೀಮೆಯಲ್ಲಿ ಇಂದಿಗೂ ಮನೆಮಾತು. ಮುಂಡರಗಿಯಂಥ ಗಡಿ ಶಿಬಿರಗಳಿಂದ ಹೋರಾಡಿದವರ ನೆನಪು ರಾಯಚೂರು, ಕೊಪ್ಪಳದ ಕಡೆ ಇನ್ನೂ ಹಸಿರಾಗಿದೆ. ಭಾರತ ಸರ್ಕಾರ ಕೂಡ ಈ ದೌರ್ಜನ್ಯಗಳನ್ನು ಮುಚ್ಚಿಡಲಿಲ್ಲ. 1948ರಲ್ಲೇ ಹೈದರಾಬಾದಿನ ಬಗ್ಗೆ ಶ್ವೇತಪತ್ರ ಅಚ್ಚು ಹಾಕಿಸಿ, ಲೋಕಕ್ಕೆಲ್ಲ ಹಂಚಿತು. ಹಾಗೆ ಮಾಡಿದ್ದು ಸರಿ. ಊರಿನ ಹೆಸರು, ಘಟನೆ, ದಿನ ಇವೆಲ್ಲ ಅಚ್ಚಾಗಿ ಬಂದಾಗಲೇ ಹಿಂಸೆಗೆ ಗುರಿಯಾದವರಿಗೆ ಒಂದು ಸಾಕ್ಷಿ ಸಿಗುತ್ತದೆ. ಆ ಶ್ವೇತಪತ್ರ ನಮಗೆ ಒಂದು ಅಳತೆಗೋಲನ್ನೂ ಕೊಡುತ್ತದೆ: ಎದುರಾಳಿಯ ತಪ್ಪನ್ನು ಅಚ್ಚು ಹಾಕಿದ ಸರ್ಕಾರ, ತನ್ನ ಕೈಕೆಳಗೆ ನಡೆದ ತಪ್ಪಿನ ಬಗ್ಗೆ ಏನು ಮಾಡಿತು?

ಸೆಪ್ಟೆಂಬರ್ 13ರಂದು ಸೇನೆ ಟ್ಯಾಂಕುಗಳೊಂದಿಗೆ ಗಡಿ ದಾಟಿತು. 17ರಂದು ನಿಜಾಮ ಶರಣಾದ. ಮೇಜರ್ ಜನರಲ್ ಜೆ. ಎನ್. ಚೌಧರಿ ಸೇನಾ ಗವರ್ನರ್ ಆದರು. ಇದಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಹೆಸರಿಡಲಾಯಿತು. ಪತ್ರಿಕೆಗಳು ಅದನ್ನೇ ಬರೆದವು, ಪಠ್ಯಪುಸ್ತಕಗಳು ಅದನ್ನೇ ಕಲಿಸಿದವು, ನಾವೂ ಅದನ್ನೇ ಆಡುತ್ತೇವೆ. ಪೊಲೀಸರು ಬಂದರು ಎಂದರೆ ಶಾಂತಿ ನೆಲೆಸಿತು ಎಂದು ಕೇಳಿಸುತ್ತದೆ. ಐದು ದಿನಗಳ ಕದನಕ್ಕೆ ಆ ಹೆಸರು ಸರಿಹೋದರೂ ಹೋದೀತು. ಆಮೇಲಿನ ವಾರಗಳಲ್ಲಿ ಹಳ್ಳಿಗಳಲ್ಲಿ ನಡೆದದ್ದಕ್ಕೆ ಆ ಹೆಸರಿನಲ್ಲಿ ಜಾಗವೇ ಇರಲಿಲ್ಲ. ಹೆಸರಿನಲ್ಲಿ ಜಾಗವಿಲ್ಲದ್ದಕ್ಕೆ ಸುದ್ದಿಯಲ್ಲೂ ಜಾಗ ಸಿಗಲಿಲ್ಲ.

ಏನೋ ಆಗಿದೆ ಎಂಬ ಮಾತು ದೆಹಲಿ ತಲುಪಿದಾಗ ಪ್ರಧಾನಿ ನೆಹರೂ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳಿಸಿದರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಹದಿನಾರರಲ್ಲಿ ಒಂಬತ್ತು ಜಿಲ್ಲೆಗಳನ್ನು ಸುತ್ತಿದರು. ತಮಗೆ ಹೋಗಲಾಗದ 109 ಹಳ್ಳಿಗಳಿಂದ ಬಂದ ಐನೂರಕ್ಕೂ ಹೆಚ್ಚು ಜನರ ಮಾತು ಕೇಳಿದರು. ತೀರ ಕೈಬಿಗಿದು ಲೆಕ್ಕ ಹಾಕಿದರೂ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅದರ ನಂತರ 27,000ದಿಂದ 40,000 ಜನ ಸತ್ತಿದ್ದಾರೆ ಎಂಬುದು ಅವರ ಅಂದಾಜು. ಅತಿ ಹೆಚ್ಚು ಸಾವು ಕಂಡ ನಾಲ್ಕು ಜಿಲ್ಲೆಗಳಲ್ಲೇ 18,000ಕ್ಕೆ ಕಡಿಮೆಯಿಲ್ಲ ಎಂದರು. ಆ ನಾಲ್ಕು ಯಾವುವು? ಉಸ್ಮಾನಾಬಾದ್, ನಾಂದೇಡ್, ಗುಲ್ಬರ್ಗ, ಬೀದರ್. ಎರಡು ನಮ್ಮವು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ರಜಾಕಾರರು ಮಾಡಿದ್ದಕ್ಕೆ ಲೆಕ್ಕ ತೀರಿಸಲಾಗುತ್ತಿದೆ ಎಂಬ ಹೆಸರಿನಲ್ಲಿ, ರಜಾಕಾರರ ಸಹವಾಸವೇ ಇಲ್ಲದವರು ಪ್ರಾಣ ತೆತ್ತರು. ಸಮಿತಿ ಸೇನಾ ಗವರ್ನರ್ ಚೌಧರಿಯವರ ನಿಷ್ಪಕ್ಷಪಾತವನ್ನು ಮೆಚ್ಚಿತು, ಸೇನೆ ಜನರನ್ನು ಕಾಪಾಡಿದ ಕಡೆಗಳನ್ನು ಹೇಳಿತು. ಕೆಲವೆಡೆ ಸಮವಸ್ತ್ರದವರೇ ಲೂಟಿಯಲ್ಲಿ, ಕೊಲೆಯಲ್ಲಿ ಪಾಲುಗೊಂಡದ್ದನ್ನೂ ಬರೆಯಿತು.

ಆ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಸ್ವಲ್ಪ ನಿಂತು ಓದಬೇಕು. ನೆರೆಯ ಮುಸ್ಲಿಮರನ್ನು ಜೀವ ಒತ್ತೆಯಿಟ್ಟು ಉಳಿಸಿದ ಹಿಂದೂಗಳ ಉದಾಹರಣೆಗಳು ಸಮಿತಿಯ ಮನಸ್ಸನ್ನು ಕಲಕಿದವು. ಅದರಲ್ಲೂ ಕೆಲವು ಕಸುಬುಗಳಲ್ಲಿ ಈ ಒಡನಾಟ ಎದ್ದು ಕಾಣುತ್ತಿತ್ತು ಎಂದು ಬರೆದು ಅವರು ನೇಕಾರರನ್ನು ಹೆಸರಿಸಿದರು. ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡ ನಿಂತರು, ಕೆಲವರು ಅದಕ್ಕಾಗಿ ತಮ್ಮ ಪ್ರಾಣವನ್ನೇ ಕೊಟ್ಟರು. ಒಂದೇ ಸಾಹುಕಾರನಿಂದ ನೂಲು ತಂದು, ಒಂದೇ ಸಂತೆಯಲ್ಲಿ ಸೀರೆ ಮಾರಿ, ಒಂದೇ ಬಗೆಯ ಸಾಲದಲ್ಲಿ ಮುಳುಗಿದವರಿಗೆ ಪಕ್ಕದ ಮಗ್ಗದವನು ಯಾರೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಕೂಡಿ ದುಡಿದವರ ನಡುವೆ ಕಟ್ಟಿಕೊಂಡ ನಂಟು ಗುಂಪಿನ ಹುಚ್ಚನ್ನು ತಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ವರದಿಗೆ ಬೀಗ ಬಿದ್ದಾಗ ಕೊಲೆಗಳ ಲೆಕ್ಕದ ಜೊತೆಗೆ ಈ ನೇಕಾರರ ಕಥೆಗೂ ಬೀಗ ಬಿತ್ತು. ನಾಡು ಹೆಮ್ಮೆಯಿಂದ ಮಕ್ಕಳಿಗೆ ಹೇಳಬೇಕಾಗಿದ್ದ ಕಥೆಯನ್ನು ಅದು ತಾನೇ ಕಳೆದುಕೊಂಡಿತು.

ಆಗಿನ ಸ್ಥಿತಿಯಲ್ಲಿ ಅದನ್ನು ಹೇಗೆ ಪ್ರಕಟಿಸುವುದು ಎಂದು ಕೇಳುವವರಿದ್ದಾರೆ. ದೇಶ ವಿಭಜನೆಯ ಗಾಯ ಮಾಗಿರಲಿಲ್ಲ, ಗಾಂಧೀಜಿಯ ಕೊಲೆಯಾಗಿ ವರ್ಷ ತುಂಬಿರಲಿಲ್ಲ, ಹೈದರಾಬಾದಿನ ಪ್ರಶ್ನೆ ವಿಶ್ವಸಂಸ್ಥೆಯ ಮುಂದಿತ್ತು. ಗೃಹಮಂತ್ರಿ ಪಟೇಲರಂತೂ ಆ ವರದಿಯನ್ನೇ ಒಪ್ಪಲಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ; ಒಂದು ವರ್ಷ, ಎರಡು ವರ್ಷ ತಡೆಹಿಡಿದಿದ್ದರೆ ನಾನು ಅದನ್ನು ವಿವೇಕ ಎಂದೇ ಕರೆಯುತ್ತಿದ್ದೆ. ಆದರೆ ಅದು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಗುತ್ತಿದೆ ಎಂಬ ಸುದ್ದಿ ದೊಡ್ಡದಾಗಿ ಹೊರಬಂದದ್ದು 2013ರಲ್ಲಿ. ವಿದ್ವಾಂಸ ಎ. ಜಿ. ನೂರಾನಿ ಅದೇ ವರ್ಷ ತಮ್ಮ ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿದರು. ಅರವತ್ತೈದು ವರ್ಷ! ವರದಿಯಲ್ಲಿ ಮಾತಾಡಿದವರ ಮೊಮ್ಮಕ್ಕಳು ಮುದುಕರಾಗುವಷ್ಟು ಕಾಲ. ಅದಲ್ಲದೆ, ಅದೇ ಹೈದರಾಬಾದಿನಲ್ಲಿ 1952ರ ಸೆಪ್ಟೆಂಬರಿನಲ್ಲಿ ಸ್ಥಳೀಯರಿಗೇ ಕೆಲಸ ಸಿಗಬೇಕೆಂಬ ಮುಲ್ಕಿ ಚಳವಳಿಯ ಸಮಯ ಸಿಟಿ ಕಾಲೇಜಿನ ಹತ್ತಿರ ಪೊಲೀಸರು ಗುಂಡು ಹಾರಿಸಿದಾಗ ಬೂರ್ಗುಲ ರಾಮಕೃಷ್ಣರಾಯರ ಸರ್ಕಾರ ಹೈಕೋರ್ಟ್ ನ್ಯಾಯಮೂರ್ತಿ ಪಿಂಗಳಿ ಜಗನ್ಮೋಹನ ರೆಡ್ಡಿಯವರಿಂದ ವಿಚಾರಣೆ ನಡೆಸಿತು. ಸರ್ಕಾರವೇನೂ ಉರುಳಿಬೀಳಲಿಲ್ಲ. ಮನಸ್ಸಿದ್ದರೆ ದಾರಿ ಇತ್ತು. ಮುಚ್ಚಿಟ್ಟದ್ದರಿಂದ ಶಾಂತಿಯೂ ಸಿಗಲಿಲ್ಲ: ಒಂದು ಕಡೆಯವರು ಏನೂ ಆಗಲೇ ಇಲ್ಲ ಎಂದರು, ಇನ್ನೊಂದು ಕಡೆಯವರು ಬಾಯಿಂದ ಬಾಯಿಗೆ ಲಕ್ಷ ಲಕ್ಷದ ಲೆಕ್ಕ ಹೇಳಿಕೊಂಡರು. ಸರ್ಕಾರ ಕಾಗದವನ್ನು ಬಚ್ಚಿಟ್ಟ ಕಡೆ ವದಂತಿ ಬಂದು ಕೂರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಹರಿತವಾದದ್ದು. ಇದನ್ನೆಲ್ಲ ಎತ್ತಿದರೆ ರಜಾಕಾರರ ಪಾಪ ತೊಳೆದಂತಾಗುವುದಿಲ್ಲವೇ, ಗೋರ್ಟಾದ ಸತ್ತವರಿಗೆ ದ್ರೋಹ ಬಗೆದಂತಾಗುವುದಿಲ್ಲವೇ ಎಂದು ಕೇಳುತ್ತಾರೆ. ಗೋರ್ಟಾದ ಸತ್ತವರ ಮೇಲೆ ನಿಜವಾದ ಗೌರವ ಇರುವವರು, ಬೀದರ್ ಜಿಲ್ಲೆಯಲ್ಲಿ ಅದಾದ ನಾಲ್ಕೈದು ತಿಂಗಳಿಗೆ ಸತ್ತವರನ್ನೂ ಅದೇ ಮಣ್ಣಿನ ಮಕ್ಕಳೆಂದು ಎಣಿಸಬೇಕು. ಒಂದು ಲೆಕ್ಕ ಇನ್ನೊಂದನ್ನು ಅಳಿಸುವುದಿಲ್ಲ; ಪಕ್ಕದಲ್ಲಿ ಕೂರುತ್ತದೆ. ಮೇಲಾಗಿ, ಸೇಡಿನ ಬೆಲೆ ಯಾರು ತೆತ್ತರು ನೋಡಿ. ಕಾಸಿಂ ರಜ್ವಿ ವಿಚಾರಣೆ ಎದುರಿಸಿ, ಸೆರೆಮನೆಯಲ್ಲಿದ್ದು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ನಿಜಾಮ 1950ರ ಜನವರಿ 26ರಂದು ಅದೇ ರಾಜ್ಯದ ರಾಜಪ್ರಮುಖನಾದ. ವರ್ಷಕ್ಕೆ 50 ಲಕ್ಷ ರೂಪಾಯಿಯ ರಾಜಧನ ನಿಗದಿಯಾಯಿತು. ಜಾಗೀರುಗಳು 1949ರಲ್ಲಿ ರದ್ದಾದರೂ ಜಾಗೀರುದಾರರಿಗೆ ಪರಿಹಾರ ಸಂದಿತು. ಸತ್ತದ್ದು ಮಾತ್ರ ಹಳ್ಳಿಯ ನೇಕಾರ, ಪಿಂಜಾರ, ಸಣ್ಣ ರೈತ. ದೊರೆಯ ಧರ್ಮ ಇವರದೂ ಆಗಿತ್ತು, ಅಷ್ಟೇ. ದೊರೆಯ ಸಿರಿಯಲ್ಲಿ ಇವರಿಗೆ ಚಿಕ್ಕಾಸಿನ ಪಾಲೂ ಇರಲಿಲ್ಲ.

ಬಂಡೆದ್ದ ರೈತರಿಗೂ ಇದೇ ಗತಿಯಾಯಿತು. 1947ರ ಸೆಪ್ಟೆಂಬರ್ 11ರಂದು ಕಮ್ಯುನಿಸ್ಟ್ ನಾಯಕರಾದ ರಾವಿ ನಾರಾಯಣ ರೆಡ್ಡಿ, ಬದ್ದಂ ಎಲ್ಲಾ ರೆಡ್ಡಿ, ಮಖ್ದೂಂ ಮೊಹಿಯುದ್ದೀನ್ ನಿಜಾಮನ ವಿರುದ್ಧ ಶಸ್ತ್ರ ಹಿಡಿಯಲು ಕರೆ ಕೊಟ್ಟಿದ್ದರು. ಮೂರು ಸಾವಿರ ಹಳ್ಳಿಗಳಲ್ಲಿ ಸಂಘದ ಆಡಳಿತ ನಡೆಯಿತು, ಹತ್ತು ಲಕ್ಷ ಎಕರೆ ಹಂಚಿಕೆಯಾಯಿತು ಎಂಬುದು ಕಮ್ಯುನಿಸ್ಟ್ ಪಕ್ಷದ ಲೆಕ್ಕ. ಬಿಟ್ಟಿ ನಿಂತಿತು, ಜೀತದ ಪತ್ರಗಳು ಬೂದಿಯಾದವು. ಸೇನೆ ಬಂದ ಮೇಲೆ ಊರು ಬಿಟ್ಟು ಓಡಿದ್ದ ದೊರೆಗಳು ಖಾದಿ ಟೊಪ್ಪಿಗೆ ಹಾಕಿಕೊಂಡು ಮರಳಿದರು. ಬಂದೂಕುಗಳು ರೈತನ ಕಡೆ ತಿರುಗಿದವು. ನಾಲ್ಕು ಸಾವಿರ ಜನ ಸತ್ತರು, ಹತ್ತು ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು ಎಂದು ಪಕ್ಷ ಹೇಳುತ್ತದೆ. ಈ ಅಂಕಿಗಳು ಹೋರಾಟಗಾರರ ಕಡೆಯವು ಎಂದು ತಳ್ಳಿಹಾಕುವವರು, ಸರ್ಕಾರದ ಕಡೆಯ ಪೂರ್ಣ ಲೆಕ್ಕ ಎಲ್ಲಿ ಎಂಬುದನ್ನೂ ಕೇಳಬೇಕು. ವಿಶೇಷ ನ್ಯಾಯಮಂಡಳಿಗಳು 1949ರಲ್ಲಿ ತೆಲಂಗಾಣದ ರೈತರಿಗೆ ಗಲ್ಲು ವಿಧಿಸಿದವು. ಅವರ ಪರವಾಗಿ ವಾದಿಸಲು ಬ್ರಿಟಿಷ್ ಬ್ಯಾರಿಸ್ಟರ್ ಡಿ. ಎನ್. ಪ್ರಿಟ್ ಸುಪ್ರೀಂ ಕೋರ್ಟಿಗೆ ಬಂದರು. ಕೊನೆಗೆ ಶಿಕ್ಷೆ ಜೀವಾವಧಿಗೆ ಇಳಿಯಿತು. ನಿಜಾಮ ರಾಜಪ್ರಮುಖನಾಗಿ ಪ್ರಮಾಣ ತೆಗೆದುಕೊಳ್ಳುವಾಗ ನಿಜಾಮನ ವಿರುದ್ಧ ಎದ್ದವರು ಗಲ್ಲಿನ ಕೋಣೆಯಲ್ಲಿ ಕುಳಿತಿದ್ದರು.

ಪತ್ರಿಕೆಗಳ ಮೇಲೂ ಅದೇ ಹಿಡಿತ. ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ಮದ್ರಾಸ್ ರಾಜ್ಯಕ್ಕೆ ಬರದಂತೆ ಅಲ್ಲಿನ ಸರ್ಕಾರ 1950ರ ಮಾರ್ಚಿನಲ್ಲಿ ತಡೆ ಹಾಕಿತು. ಸಂಪಾದಕ ರೊಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋದರು. ಮೇ 26ರಂದು ಕೋರ್ಟು ತಡೆಯನ್ನು ಅಸಿಂಧುಗೊಳಿಸಿತು. ಒಂದು ವರ್ಷ ಕಳೆಯುತ್ತಿದ್ದಂತೆ ಸಂವಿಧಾನದ ಮೊದಲ ತಿದ್ದುಪಡಿ ಬಂತು, ಮಾತಿನ ಸ್ವಾತಂತ್ರ್ಯಕ್ಕೆ ಹೊಸ ಬೇಲಿಗಳು ಬಂದವು. ಅದೇ ತಿದ್ದುಪಡಿ ಜಮೀನ್ದಾರಿ ರದ್ದತಿಯ ಕಾನೂನುಗಳಿಗೂ ರಕ್ಷಣೆ ಕೊಟ್ಟಿತು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ರೈತನಿಗೆ ಭೂಮಿ ಕೊಡುತ್ತೇನೆ ಎನ್ನುತ್ತ ರೈತನ ಪರ ಬರೆಯುವವನ ಬಾಯಿ ಕಟ್ಟಿದರೆ, ಭೂಮಿ ಕೊಟ್ಟರೋ ಇಲ್ಲವೋ ಎಂದು ಕೇಳಲು ಉಳಿಯುವವರು ಯಾರು? ಗಸ್ತಿ 53ರ ಕಾಲದಲ್ಲಿ ಬಿಟ್ಟಿ ನಿಷೇಧದ ಸುತ್ತೋಲೆಗೆ ಆದ ಗತಿ ನಮ್ಮ ಕಣ್ಣ ಮುಂದಿದೆ.

ಪಕ್ಷಪಾತವೆಂದರೆ ಸುಳ್ಳು ಬರೆಯುವುದು ಒಂದೇ ಅಲ್ಲ, ಯಾವುದನ್ನು ಸುದ್ದಿ ಮಾಡುತ್ತೇವೆ ಎಂಬುದರಲ್ಲೂ ಅದು ಇರುತ್ತದೆ. 1951ರ ಏಪ್ರಿಲ್ 18ರಂದು ವಿನೋಬಾ ಭಾವೆ ನಲ್ಗೊಂಡ ಜಿಲ್ಲೆಯ ಪೋಚಂಪಲ್ಲಿಗೆ ಬಂದರು. ದಲಿತರು 80 ಎಕರೆ ಕೇಳಿದರು, ವೆದಿರೆ ರಾಮಚಂದ್ರ ರೆಡ್ಡಿ 100 ಎಕರೆ ಕೊಟ್ಟರು. ವಿನೋಬಾ ಅವರ ಮನಸ್ಸಿನ ನಿರ್ಮಲತೆಯನ್ನು ಯಾರೂ ಶಂಕಿಸಬೇಕಿಲ್ಲ; ಕೊಟ್ಟವರದೂ ದೊಡ್ಡ ಮನಸ್ಸೇ. ಆ 100 ಎಕರೆಯ ಸುದ್ದಿ ದೇಶವಿದೇಶ ಮುಟ್ಟಿತು, ಮುಟ್ಟಬೇಕಾದದ್ದೇ. ಆದರೆ ಅದೇ ಜಿಲ್ಲೆಯ ಕಡವೆಂಡಿಯ ಹೆಸರು ಎಷ್ಟು ಜನರಿಗೆ ಗೊತ್ತು? ಉಳ್ಳವನು ಕೊಟ್ಟರೆ ಸುದ್ದಿ, ಇಲ್ಲದವನು ಕೇಳಿದರೆ ಗಲಭೆ. ಈ ಅಳತೆ ಎಪ್ಪತ್ತು ವರ್ಷ ಕಳೆದರೂ ನಮ್ಮ ಸುದ್ದಿಮನೆಗಳಲ್ಲಿ ಹಾಗೆಯೇ ಇದೆ. ಮುಷ್ಕರದ ದಿನ ಸಾರ್ವಜನಿಕರ ಪರದಾಟ ಮುಖಪುಟಕ್ಕೆ ಬರುತ್ತದೆ, ಮುಷ್ಕರ ಏಕೆ ಎಂಬುದು ಒಳಪುಟಕ್ಕೆ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಎಡಪಂಥದ ಕಡೆಗೂ ಅದೇ ಬೆರಳು ತಿರುಗಿಸಬೇಕು. ನಿಜಾಮನ ಆಡಳಿತ ಮುಗಿದ ಮೇಲೂ ಮೂರು ವರ್ಷ ಬಂದೂಕು ಕೆಳಗಿಡದೆ ಹೋದದ್ದು ಹಳ್ಳಿಗರಿಗೆ ಭಾರಿ ಬೆಲೆ ತೆರಿಸಿತು. ಶತ್ರುವೆಂದು, ಮಾಹಿತಿ ಕೊಟ್ಟವನೆಂದು ಪಕ್ಷದ ಸಶಸ್ತ್ರ ದಳಗಳು ಕೊಂದವರಲ್ಲಿ ಎಲ್ಲರೂ ದೊರೆಗಳಾಗಿರಲಿಲ್ಲ. ಪಕ್ಷದ ಬರಹಗಳು ತಮ್ಮ ಹುತಾತ್ಮರನ್ನು ಎಣಿಸಿದಷ್ಟು ಎಚ್ಚರದಿಂದ ಅವರನ್ನು ಎಣಿಸಲಿಲ್ಲ. ರಾವಿ ನಾರಾಯಣ ರೆಡ್ಡಿಯವರೇ ಹೋರಾಟವನ್ನು ಹಾಗೆ ಮುಂದುವರಿಸಿದ್ದನ್ನು ಬಹಿರಂಗವಾಗಿ ಟೀಕಿಸಿದರು. ಪಕ್ಷ 1951ರ ಅಕ್ಟೋಬರಿನಲ್ಲಿ ಶಸ್ತ್ರ ಕೆಳಗಿಟ್ಟಿತು. ಮುಂದಿನ ಮಹಾಚುನಾವಣೆಯಲ್ಲಿ ನಲ್ಗೊಂಡದ ಜನ ಅದೇ ನಾರಾಯಣ ರೆಡ್ಡಿಯವರಿಗೆ 3,09,162 ಮತ ಕೊಟ್ಟು ಲೋಕಸಭೆಗೆ ಕಳಿಸಿದರು; ನೆಹರೂ ಅವರಿಗೆ ತಮ್ಮ ಕ್ಷೇತ್ರದಲ್ಲಿ ಬಂದ ಮತಗಳಿಗಿಂತ ಅದು ಹೆಚ್ಚು. ಪತ್ರಿಕೆಗಳು ದರೋಡೆಕೋರರೆಂದು ಬರೆದವರ ಬಗ್ಗೆ ಹಳ್ಳಿಯವರು ಏನು ತಿಳಿದಿದ್ದರು ಎಂಬುದು ಮತಪೆಟ್ಟಿಗೆ ತೆರೆದ ದಿನ ಗೊತ್ತಾಯಿತು. ತನ್ನ ತಪ್ಪನ್ನು ತಾನೇ ಎತ್ತಿ ಆಡಿದವನನ್ನು ಜನ ನಂಬಿದರು ಎಂಬುದು ಎಲ್ಲ ಸರ್ಕಾರಗಳಿಗೂ, ಎಲ್ಲ ಪಕ್ಷಗಳಿಗೂ ಪಾಠ.

ಈಗ ಸೆಪ್ಟೆಂಬರ್ 17 ಬಂದಾಗಲೆಲ್ಲ ಹೆಸರಿನ ಜಗಳ ಏಳುತ್ತದೆ. ಹೈದರಾಬಾದಿನಲ್ಲಿ ಕೇಂದ್ರಕ್ಕೆ ಅದು ವಿಮೋಚನೆಯ ದಿನ, ತೆಲಂಗಾಣದ ಹಿಂದಿನ ಸರ್ಕಾರಕ್ಕೆ ಏಕೀಕರಣದ ದಿನವಾಗಿತ್ತು, ಅದರ ನಂತರ ಬಂದ ಸರ್ಕಾರಕ್ಕೆ ಪ್ರಜಾಪಾಲನೆಯ ದಿನವಾಯಿತು. ಕರ್ನಾಟಕದಲ್ಲಿ 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. 2023ರಲ್ಲಿ ಗೋರ್ಟಾದಲ್ಲಿ ಹುತಾತ್ಮರ ಸ್ಮಾರಕವೂ ಉದ್ಘಾಟನೆಯಾಯಿತು. ಆ ಕಲ್ಲು ಅಲ್ಲಿ ನಿಲ್ಲಲೇಬೇಕಿತ್ತು, ನಿಂತಿದೆ, ಒಳ್ಳೆಯದಾಯಿತು. ಆದರೆ ಬೀದರಿನ, ಕಲಬುರಗಿಯ ಒಬ್ಬ ವಿದ್ಯಾರ್ಥಿ ತನ್ನ ಜಿಲ್ಲೆಯಲ್ಲಿ 1948ರಲ್ಲಿ ಏನಾಯಿತೆಂದು ತಿಳಿಯಲು ಗ್ರಂಥಾಲಯಕ್ಕೆ ಹೋದರೆ, ಗೋರ್ಟಾದ ಕಥೆಯ ಪಕ್ಕದಲ್ಲೇ ಸುಂದರಲಾಲ್ ಸಮಿತಿಯ ವರದಿಯೂ ಅವನಿಗೆ ಕನ್ನಡದಲ್ಲಿ ಸಿಗಬೇಕು. ಅದರ ಪಕ್ಕದಲ್ಲಿ ಶ್ವೇತಪತ್ರ, ವಿಶೇಷ ನ್ಯಾಯಮಂಡಳಿಗಳ ತೀರ್ಪುಗಳು, ಶೋಯೆಬುಲ್ಲಾ ಖಾನರ ಸಂಪಾದಕೀಯಗಳು ಇರಬೇಕು. ವರದಿ ಏಕಪಕ್ಷೀಯ ಎನ್ನುವವರು ಅದರ ತಪ್ಪನ್ನು ಸಾಲು ಸಾಲಾಗಿ ತೋರಿಸಲಿ. ಅದಕ್ಕೂ ಅದು ಮೊದಲು ಕೈಗೆ ಸಿಗಬೇಕಲ್ಲ. ಇದಕ್ಕೆ ಉತ್ಸವದ ಖರ್ಚಿನಲ್ಲಿ ಒಂದು ಸಣ್ಣ ಪಾಲು ಸಾಕು. ಕಾಚಿಗುಡದ ಬೀದಿಯಲ್ಲಿ ಆ ರಾತ್ರಿ ಕಡಿದ ಕೈಯನ್ನು ಯಾರೂ ಮರಳಿ ಜೋಡಿಸಲಾರರು. ಮುಚ್ಚಿದ ಕಡತವನ್ನು ತೆರೆಯುವುದು ಮಾತ್ರ ಇಂದಿಗೂ ಸರ್ಕಾರದ ಕೈಯಲ್ಲಿದೆ, ಕೇಳುವುದು ನಮ್ಮ ಕೈಯಲ್ಲಿದೆ.